ಸ್ಮಾರ್ಟ್ ಡಿಮ್ಮರ್ ಕೂರಿಸುವುದು: ಮೊದಲು ಬಲ್ಬು, ಆಮೇಲೆ ನ್ಯೂಟ್ರಲ್, ಕೊನೆಗೆ ಸ್ವಿಚ್ಚು

ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲಮನೆಗೆ ಹೋಗುವುದೇ ಒಂದು ತೊಡಕಾಯಿತು. ಓಣಿಯಂಥ ನಮ್ಮ ಪಡಸಾಲೆಯ ದೀಪ ಹಾಕಿದರೆ ಅವರ ಕಣ್ಣು ಕುಕ್ಕುತ್ತಿತ್ತು, ಹಾಕದಿದ್ದರೆ ಹೊಸ್ತಿಲು ಎಡವುವ ಭಯವಿತ್ತು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಮೂವತ್ತು ವರ್ಷ ದಾಟಿದೆ. ಅದರ ಗೋಡೆಯೊಳಗೆ ಯಾವ ತಂತಿ ಎಲ್ಲಿಂದ ಎಲ್ಲಿಗೆ ಓಡಿದೆಯೆಂದು ಅಲ್ಲಿಯವರೆಗೆ ನಾನು ವಿಚಾರಿಸಿದವನೇ ಅಲ್ಲ. ಬೇಕಾದಷ್ಟೇ ಬೆಳಕು ಕೊಡುವ, ಹೊತ್ತಾದ ಮೇಲೆ ತಾನಾಗಿ ಮಂದವಾಗುವ ಸ್ಮಾರ್ಟ್ ಡಿಮ್ಮರನ್ನು ಕೂರಿಸಲು ಹೊರಟಾಗ ನನಗೆ ಮನವರಿಕೆಯಾದ ಮುಖ್ಯ ಸಂಗತಿಯೆಂದರೆ, ಈ ಕೆಲಸ ಕೆಡುವುದು ಬಹುಮಟ್ಟಿಗೆ ಡಿಮ್ಮರಿಗೆ ಹೊಂದದ ಬಲ್ಬಿನಿಂದ, ಇಲ್ಲವೇ ಬೋರ್ಡಿನಲ್ಲಿ ಇದೆಯೆಂದು ನಾವು ಭಾವಿಸಿಕೊಂಡ ಆದರೆ ನಿಜಕ್ಕೂ ಇಲ್ಲದ, ವಿದ್ಯುತ್ತು ಹಿಂತಿರುಗುವ ತಂತಿಯಾದ ನ್ಯೂಟ್ರಲ್‌ನಿಂದ. ಆದ್ದರಿಂದ ಸ್ವಿಚ್ಚಿನ ಮಾತನ್ನು ಇಲ್ಲಿ ಕೊನೆಗೆ ಇಟ್ಟುಕೊಂಡಿದ್ದೇನೆ.

ಮೊದಲು ಬಲ್ಬು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನ, 50 ಹರ್ಟ್ಸಿನ ಪರ್ಯಾಯ ವಿದ್ಯುತ್ತು. ಮುಂಬಯಿಯಲ್ಲಿ ಬೆಸ್ಟ್ ಕೊಡಲಿ, ಟಾಟಾ ಅಥವಾ ಅದಾನಿ ಕೊಡಲಿ, ನಮ್ಮ ಕಡೆಯಂತೆ ಮಹಾವಿತರಣ ಕೊಡಲಿ, ಗೋವಾದಲ್ಲಿ ಅಲ್ಲಿಯ ವಿದ್ಯುತ್ ಇಲಾಖೆ ಕೊಡಲಿ, ಇದರಲ್ಲಿ ವ್ಯತ್ಯಾಸವಿಲ್ಲ. ಅಂದರೆ ಸೆಕೆಂಡಿಗೆ ನೂರು ಅರ್ಧ ಅಲೆಗಳು, ಒಂದೊಂದೂ 10 ಮಿಲಿಸೆಕೆಂಡಿನದು. ಡಿಮ್ಮರ್ ಈ ಒಂದೊಂದು ಅರ್ಧ ಅಲೆಯಲ್ಲಿ ಒಂದಷ್ಟು ಭಾಗವನ್ನು ಕತ್ತರಿಸಿ ಉಳಿದುದನ್ನು ಮಾತ್ರ ದೀಪಕ್ಕೆ ಬಿಡುತ್ತದೆ. ಅಲೆಯ ಆರಂಭವನ್ನು ಕತ್ತರಿಸುವುದು ಒಂದು ಬಗೆ, ಕೊನೆಯನ್ನು ಕತ್ತರಿಸುವುದು ಇನ್ನೊಂದು ಬಗೆ. ಅಮೆರಿಕದ ಜೋಯೆಲ್ ಸ್ಪೈರಾ 1959ರಲ್ಲಿ ಗೋಡೆಯ ಡಬ್ಬಿಯೊಳಗೆ ಹಿಡಿಸುವಷ್ಟು ಚಿಕ್ಕ ಡಿಮ್ಮರನ್ನು ರೂಪಿಸಿದಾಗ ಎದುರಿಗಿದ್ದುದು ತಂತು ಕಾದು ಬೆಳಗುವ ಹಳೆಯ ಬಲ್ಬು. ಆರಂಭ ಕತ್ತರಿಸುವ ಬಗೆ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ತಂತು ಕಾದಿರುವುದರಿಂದ ಅಲೆಯಲ್ಲಿ ತುಂಡು ಬಿದ್ದರೂ ಬೆಳಕು ಕದಲುವುದಿಲ್ಲ.

ಎಲ್‌ಇಡಿ ಬಲ್ಬಿನ ಕತೆ ಬೇರೆ. ಅದರ ಕತ್ತಿನೊಳಗೆ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇರುತ್ತದೆ. ಎಷ್ಟೇ ಏರುಪೇರಾದ ವೋಲ್ಟೇಜ್ ಬಂದರೂ ಬೆಳಕನ್ನು ಒಂದೇ ಸಮ ಇಡಬೇಕೆಂಬುದೇ ಸಾಮಾನ್ಯ ಡ್ರೈವರಿನ ಗುರಿ. ಡಿಮ್ಮರ್ ಬೆಳಕನ್ನು ಇಳಿಸಲು ನೋಡುತ್ತದೆ, ಡ್ರೈವರ್ ಅದನ್ನು ಎತ್ತಿಹಿಡಿಯಲು ನೋಡುತ್ತದೆ. ಇವೆರಡರ ಜಗ್ಗಾಟವೇ ನಾವು ಕಾಣುವ ಮಿಣುಕು, ನಾವು ಕೇಳುವ ಗುಂಯ್‌ಗುಟ್ಟುವಿಕೆ. ಆದ್ದರಿಂದ ಡಬ್ಬದ ಮೇಲೆ ಡಿಮ್ಮಬಲ್ ಎಂದು ಸ್ಪಷ್ಟವಾಗಿ ಅಚ್ಚಾಗಿರುವ ಬಲ್ಬನ್ನೇ ಕೊಳ್ಳಬೇಕು. ಮೂಲೆಯಂಗಡಿಯಲ್ಲಿ ಸಿಗುವ ಸಾಮಾನ್ಯ 9 ವ್ಯಾಟ್ ಬಲ್ಬು ಬಹುತೇಕ ಡಿಮ್ಮಬಲ್ ಆಗಿರುವುದಿಲ್ಲ, ಅಂಗಡಿಯವರು ನಡೆಯುತ್ತದೆ ಎಂದರೂ ಒಪ್ಪಬೇಡಿ. ಮುಂಬಯಿಯ ಲೋಹಾರ್ ಚಾಳಿನ ಸಗಟು ಅಂಗಡಿಗಳಲ್ಲಿಯೋ, ಪುಣೆಯವರಾದರೆ ತಪಕೀರ್ ಗಲ್ಲಿಯಲ್ಲಿಯೋ ಕೇಳಿದರೆ ಸಿಗುತ್ತದೆ. ಮೊದಲು ಒಂದನ್ನೇ ತಂದು ಪರೀಕ್ಷಿಸಿ, ಸರಿಹೋದರೆ ಉಳಿದವನ್ನೂ ಅದೇ ಕಂಪನಿಯ ಅದೇ ಮಾದರಿಯಲ್ಲಿ ತನ್ನಿ. ಒಂದೇ ಡಿಮ್ಮರಿನ ಮೇಲೆ ಬೇರೆ ಬೇರೆ ಮಾದರಿಯ ಬಲ್ಬುಗಳು ಒಂದೇ ಹದದಲ್ಲಿ ಇಳಿಯುವುದಿಲ್ಲ. ಎಲ್‌ಇಡಿಗೆ ಸಾಮಾನ್ಯವಾಗಿ ಅಲೆಯ ಕೊನೆ ಕತ್ತರಿಸುವ ಡಿಮ್ಮರ್ ಹೆಚ್ಚು ಹೊಂದುತ್ತದೆ. ಎರಡೂ ಬಗೆಗೆ ಬದಲಿಸಿಕೊಳ್ಳಬಲ್ಲ ಡಿಮ್ಮರ್ ಸಿಕ್ಕರೆ ಇನ್ನೂ ಒಳ್ಳೆಯದು.

ಬಣ್ಣದ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಬಹಳ ಜನ ಇದರಲ್ಲಿ ನಿರಾಶರಾಗುತ್ತಾರೆ. ಹಳೆಯ ಬಲ್ಬು ಮಂದವಾದಷ್ಟೂ ಕೆಂಪಡರಿ ದೀಪದ ಕುಡಿಯಂತೆ ಕಾಣುತ್ತಿತ್ತು. ಸಾಮಾನ್ಯ ಎಲ್‌ಇಡಿ ಮಂದವಾದರೂ ತನ್ನ ಬಣ್ಣ ಬಿಡುವುದಿಲ್ಲ. ನಮ್ಮಲ್ಲಿ ಅಚ್ಚುಮೆಚ್ಚಾದ 6500 ಕೆಲ್ವಿನ್ನಿನ ಬಿಳಿ ಬೆಳಕನ್ನು ತೀರ ತಗ್ಗಿಸಿದರೆ ಮೋಡ ಕವಿದ ಜುಲೈ ಮಧ್ಯಾಹ್ನದಂತೆ ಮನೆಯೆಲ್ಲ ಬೂದು ಬೂದಾಗುತ್ತದೆ. ಮಂದ ಬೆಳಕು ಹಿತವಾಗಿರಬೇಕಾದರೆ 2700 ಅಥವಾ 3000 ಕೆಲ್ವಿನ್ನಿನ ಹಳದಿ ಛಾಯೆಯ ಬಲ್ಬೇ ಬೇಕು.

ಟ್ಯೂಬ್‌ಲೈಟು, ಸಿಎಫ್‌ಎಲ್ ಇವನ್ನು ಡಿಮ್ಮರಿಗೆ ಹಚ್ಚಬಾರದು. ಸೀಲಿಂಗ್ ಫ್ಯಾನನ್ನಂತೂ ದೀಪದ ಡಿಮ್ಮರಿಗೆ ಎಂದಿಗೂ ಹಚ್ಚಬಾರದು. ಮೋಟರ್ ಕಾಯುತ್ತದೆ, ಡಿಮ್ಮರ್ ಸುಡುತ್ತದೆ, ಅದಕ್ಕೆ ಅದರದೇ ರೆಗ್ಯುಲೇಟರ್ ಬೇಕು. ಫಾಲ್ಸ್ ಸೀಲಿಂಗಿನ ದೀಪಗಳಿದ್ದರೆ ಅವುಗಳ ಡ್ರೈವರ್ ಮೇಲೆಯೇ ಪ್ರತ್ಯೇಕವಾಗಿ ಕೂತಿರುತ್ತದೆ. ಅದರ ಮೇಲಿನ ಚೀಟಿಯನ್ನು ಓದಿ, ಅಗತ್ಯವಿದ್ದರೆ ಡ್ರೈವರನ್ನು ಬದಲಿಸಬೇಕಾಗುತ್ತದೆ.

ಇನ್ನು ನ್ಯೂಟ್ರಲ್. ಸಾಮಾನ್ಯ ಸ್ವಿಚ್ಚಿಗೆ ಎರಡೇ ತಂತಿ ಸಾಕು: ಒಂದರಿಂದ ಫೇಸ್, ಅಂದರೆ ಮೇನಿನಿಂದ ವಿದ್ಯುತ್ತು, ಬರುತ್ತದೆ, ಇನ್ನೊಂದರಿಂದ ದೀಪಕ್ಕೆ ಹೋಗುತ್ತದೆ. ದೀಪದ ನ್ಯೂಟ್ರಲ್ ಸ್ವಿಚ್‌ಬೋರ್ಡಿಗೆ ಇಳಿಯದೆ ಮೇಲಿನ ಜಂಕ್ಷನ್ ಡಬ್ಬಿಯಿಂದಲೇ ನೇರವಾಗಿ ದೀಪಕ್ಕೆ ಹೋಗಿರುತ್ತದೆ. ಸ್ಮಾರ್ಟ್ ಡಿಮ್ಮರಿನ ಪರಿಸ್ಥಿತಿ ಹಾಗಲ್ಲ. ದೀಪ ಆರಿದ್ದಾಗಲೂ ಅದರೊಳಗಿನ ವೈಫೈ ಎಚ್ಚರವಾಗಿರಬೇಕು, ಅದಕ್ಕೆ ಸದಾ ಸ್ವಲ್ಪ ವಿದ್ಯುತ್ತು ಬೇಕು, ಆ ವಿದ್ಯುತ್ತಿಗೆ ಹಿಂತಿರುಗುವ ದಾರಿ ಬೇಕು. ಆ ದಾರಿಯೇ ನ್ಯೂಟ್ರಲ್. ಬೋರ್ಡಿನಲ್ಲಿ ಮೂರು ಪಿನ್ನಿನ ಪ್ಲಗ್ ಪಾಯಿಂಟ್ ಇದ್ದರೆ ಚಿಂತೆಯಿಲ್ಲ. ಎದುರಿನಿಂದ ನೋಡಿದಾಗ ಬಲಗಡೆಯ ತೂತು ಫೇಸ್, ಎಡಗಡೆಯದು ನ್ಯೂಟ್ರಲ್, ಮೇಲಿನ ದೊಡ್ಡದು ಅರ್ತಿಂಗ್ ಆಗಿರಬೇಕು, ಹಾಗಾಗಿ ನ್ಯೂಟ್ರಲ್ ಅಲ್ಲಿಗೆ ಬಂದೇ ಇರುತ್ತದೆ. ತೊಂದರೆಯಿರುವುದು ಬರೀ ಸ್ವಿಚ್ಚುಗಳಿರುವ ಚಿಕ್ಕ ಬೋರ್ಡುಗಳಲ್ಲಿ, ಅಂದರೆ ಪಡಸಾಲೆ, ಬಾಲ್ಕನಿ, ಬಚ್ಚಲಮನೆಯ ಹೊರಗಿನ ಬೋರ್ಡುಗಳಲ್ಲಿ. ಅವುಗಳಲ್ಲಿ ನ್ಯೂಟ್ರಲ್ ಇದೆಯೋ ಇಲ್ಲವೋ ಎಂಬುದನ್ನು ತಂತಿಯ ಬಣ್ಣ ನೋಡಿ ತೀರ್ಮಾನಿಸಬಾರದು. ಕೆಂಪು, ಹಳದಿ, ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ತಿಂಗಿಗೆ ಎಂಬುದು ನಿಯಮವೇ ಆದರೂ, ಹಳೆಯ ಮನೆಗಳಲ್ಲಿ ಅಂದು ಕೈಗೆ ಸಿಕ್ಕ ಸುರುಳಿಯ ತಂತಿಯನ್ನೇ ಎಳೆದಿರುತ್ತಾರೆ.

ನಾನು ತಪ್ಪಿದ್ದು ಇಲ್ಲಿಯೇ. ನಮ್ಮ ಪಡಸಾಲೆಯ ಬೋರ್ಡಿನಲ್ಲಿ ಎರಡು ಸ್ವಿಚ್ಚುಗಳಿದ್ದವು: ಒಂದು ದೊಡ್ಡ ದೀಪಕ್ಕೆ, ಇನ್ನೊಂದು ದೇವರ ಗೂಡಿನ ಕೆಂಪು ಝೀರೋ ಬಲ್ಬಿಗೆ. ಮಲ್ಟಿಮೀಟರ್ ಹಿಡಿದು ಫೇಸಿಗೂ ಒಂದು ಕಪ್ಪು ತಂತಿಗೂ ನಡುವೆ ಅಳೆದಾಗ 228 ವೋಲ್ಟ್ ತೋರಿತು. ಕಪ್ಪು ಬಣ್ಣ, ಜೊತೆಗೆ ಪೂರ್ತಿ ವೋಲ್ಟೇಜು. ಇದೇ ನ್ಯೂಟ್ರಲ್ ಎಂದು ನಿಶ್ಚಯಿಸಿ ಡಿಮ್ಮರಿಗೆ ಜೋಡಿಸಿದೆ. ಡಿಮ್ಮರ್ ಕಣ್ಣು ಬಿಟ್ಟಿತು, ವೈಫೈ ಹಿಡಿಯಿತು, ದೀಪ ಸೊಗಸಾಗಿ ಇಳಿದು ಏರಿತು. ಸಂಜೆ ಅಮ್ಮ ದೇವರ ದೀಪದ ಸ್ವಿಚ್ ಹಾಕಿದೊಡನೆ ಡಿಮ್ಮರ್ ಸತ್ತುಹೋಯಿತು. ಆರಿಸಿದರೆ ಮತ್ತೆ ಜೀವ ಬಂತು. ಎರಡು ದಿನ ಇದು ಯಂತ್ರದ ದೋಷವೆಂದೇ ತಿಳಿದಿದ್ದೆ. ಕಟ್ಟಡಕ್ಕೆ ಮೊದಲಿನಿಂದಲೂ ವೈರಿಂಗ್ ಕೆಲಸಕ್ಕೆ ಬರುವ ಹಿರಿಯ ವೈರ್‌ಮನ್ ಕಾಕಾ ಬಂದು ಬೋರ್ಡನ್ನು ಬಿಚ್ಚುವ ಮೊದಲೇ ಹೇಳಿದ್ದು ಮೂರೇ ಮಾತು: "ಆಧೀ ಬಲ್ಬ್ ಕಾಢಾ." ಮೊದಲು ಬಲ್ಬು ತೆಗೆಯಿರಿ ಎಂದು. ಝೀರೋ ಬಲ್ಬನ್ನು ಹೋಲ್ಡರಿನಿಂದ ತಿರುಗಿಸಿ ತೆಗೆದ ಮೇಲೆ ಅದೇ ಕಪ್ಪು ತಂತಿಯನ್ನು ಅಳೆದರೆ ವೋಲ್ಟೇಜ್ ಇರಲಿಲ್ಲ.

ಆ ಕಪ್ಪು ತಂತಿ ನ್ಯೂಟ್ರಲ್ ಆಗಿರಲಿಲ್ಲ, ಬೋರ್ಡಿನಿಂದ ಝೀರೋ ಬಲ್ಬಿಗೆ ಹೋಗುವ ತಂತಿಯಾಗಿತ್ತು. ಸ್ವಿಚ್ ಆರಿದ್ದಾಗ ಅದು ಬಲ್ಬಿನ ತಂತುವಿನ ಮೂಲಕ ಆ ಕಡೆಯ ನ್ಯೂಟ್ರಲ್‌ಗೆ ಸೇರಿರುತ್ತದೆ. ಮೀಟರ್ ಎಳೆಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ತಂತುವಿನ ತಡೆ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ, ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಹೆಸರಿಗೆ ಝೀರೋ ಆದರೂ ಆ ಬಲ್ಬು ಸುಮಾರು 15 ವ್ಯಾಟ್ ಎಳೆಯುವಂಥದ್ದು. ಡಿಮ್ಮರಿನ ವೈಫೈಗೆ ಬೇಕಾದ ಅಲ್ಪ ವಿದ್ಯುತ್ತು ಬಲ್ಬು ಬೆಳಗದಂತೆಯೇ ಅದರ ಮೂಲಕ ಹಾದುಹೋಗುತ್ತಿತ್ತು. ಸ್ವಿಚ್ ಹಾಕಿದಾಗ ಅದೇ ತಂತಿಗೆ ಫೇಸ್ ಬರುವುದರಿಂದ ಡಿಮ್ಮರಿನ ಎರಡು ತುದಿಗೂ ಫೇಸ್ ಸೇರಿ ನಡುವೆ ವೋಲ್ಟೇಜೇ ಉಳಿಯುತ್ತಿರಲಿಲ್ಲ. ಆದ್ದರಿಂದ ನ್ಯೂಟ್ರಲ್ ಹುಡುಕುವವರು ಆ ಬೋರ್ಡಿಗೆ ಸೇರಿದ ಎಲ್ಲ ಬಲ್ಬುಗಳನ್ನೂ ತೆಗೆದು, ಫ್ಯಾನಿದ್ದರೆ ಅದರ ಸಂಪರ್ಕವನ್ನೂ ಬಿಡಿಸಿ, ಆಮೇಲೆ ಅಳೆಯಬೇಕು. ಆಗಲೂ ಫೇಸಿಗೂ ಅದಕ್ಕೂ 230ರ ಆಸುಪಾಸು ತೋರಿ, ಅರ್ತಿಂಗಿಗೂ ಅದಕ್ಕೂ ಒಂದೆರಡು ವೋಲ್ಟಿನಷ್ಟೇ ತೋರಿದರೆ ಅದು ನ್ಯೂಟ್ರಲ್ ಎನ್ನಬಹುದು. ಹೀಗೆ ಅಳೆಯುವಾಗ ಬೋರ್ಡಿನಲ್ಲಿ ವಿದ್ಯುತ್ತು ಇರುತ್ತದೆ. ಮೀಟರ್ ಹಿಡಿದು ಅಭ್ಯಾಸವಿಲ್ಲದವರು ಈ ಒಂದು ಕೆಲಸವನ್ನು ವೈರ್‌ಮನ್ ಕೈಯಲ್ಲಿಯೇ ಮಾಡಿಸಬೇಕು.

ನ್ಯೂಟ್ರಲ್ ಇಲ್ಲವೆಂದು ಖಚಿತವಾದರೆ ಮೂರು ದಾರಿಗಳಿವೆ. ಹತ್ತಿರದ ಪ್ಲಗ್ ಬೋರ್ಡಿನಿಂದ ಅದೇ ಪೈಪಿನೊಳಗೆ ಅಥವಾ ಕೇಸಿಂಗ್ ಹಾಕಿ ಒಂದು ನ್ಯೂಟ್ರಲ್ ತರಿಸುವುದು ಎಲ್ಲಕ್ಕಿಂತ ಉತ್ತಮ. ನಮ್ಮಲ್ಲಿ ಕಾಕಾ ಮಾಡಿದ್ದು ಅದನ್ನೇ. ಆದರೆ ದೀಪದ ಫೇಸ್ ಯಾವ ಎಂಸಿಬಿಯಿಂದ (ಒಂದೊಂದು ಸರ್ಕ್ಯೂಟಿಗೂ ಇರುವ, ತಾನಾಗಿ ಬೀಳುವ ರಕ್ಷಣೆಯ ಸ್ವಿಚ್ಚಿನಿಂದ) ಬಂದಿದೆಯೋ ಆ ಸರ್ಕ್ಯೂಟಿನ ನ್ಯೂಟ್ರಲ್ಲೇ ಆಗಬೇಕು. ಬೇರೆ ಸರ್ಕ್ಯೂಟಿನದನ್ನು ಎರವಲು ತಂದರೆ ಮುಂದೆ ಯಾರೋ ಒಂದು ಎಂಸಿಬಿ ಆರಿಸಿ ನಿಶ್ಚಿಂತೆಯಿಂದ ಕೈ ಹಾಕಿದಾಗ ಆ ತಂತಿಯಲ್ಲಿ ಇನ್ನೂ ವಿದ್ಯುತ್ತು ಹರಿಯುತ್ತಿರಬಹುದು. ಎರಡನೆಯದು, ನ್ಯೂಟ್ರಲ್ ಬೇಡದ ಡಿಮ್ಮರ್. ಇದು ತನಗೆ ಬೇಕಾದ ವಿದ್ಯುತ್ತನ್ನು ದೀಪದ ಮೂಲಕವೇ ಕಳಿಸುತ್ತದೆ, ಹಾಗಾಗಿ ಕನಿಷ್ಠ ಇಷ್ಟು ವ್ಯಾಟಿನ ದೀಪವಿರಬೇಕೆಂಬ ಷರತ್ತು ಇರುತ್ತದೆ, ಒಂಟಿ ಎಲ್‌ಇಡಿ ಬಲ್ಬು ಆರಿಸಿದ ಮೇಲೂ ಮಿಣುಕಬಹುದು. ಆಗ ದೀಪದ ಹತ್ತಿರ ಕಂಪನಿಯವರೇ ಕೊಡುವ ಬೈಪಾಸ್ ತುಂಡನ್ನು ಜೋಡಿಸಬೇಕಾಗುತ್ತದೆ. ಮೂರನೆಯದು, ಡಿಮ್ಮರನ್ನೇ ಬಿಟ್ಟು ಸ್ಮಾರ್ಟ್ ಬಲ್ಬು ಹಾಕಿ ಗೋಡೆಯ ಸ್ವಿಚ್ಚನ್ನು ಸದಾ ಹಾಕಿಯೇ ಇಡುವುದು. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸಿನ ಮೇಲೆ ಬಾಡಿಗೆ ಮನೆಯಲ್ಲಿರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮನೆ ಬಿಡುವಾಗ ಬಲ್ಬನ್ನು ತಿರುಗಿಸಿ ಚೀಲಕ್ಕೆ ಹಾಕಿಕೊಂಡರಾಯಿತು. ಸ್ಮಾರ್ಟ್ ಬಲ್ಬನ್ನು ಡಿಮ್ಮರಿನ ಮೇಲೆ ಹಾಕುವುದು ಮಾತ್ರ ಸಲ್ಲದು. ನಾಲ್ಕನೆಯ ದಾರಿಯೊಂದನ್ನು ಕೆಲವರು ಸೂಚಿಸುತ್ತಾರೆ, ಅರ್ತಿಂಗನ್ನೇ ನ್ಯೂಟ್ರಲ್ ಆಗಿ ಬಳಸುವುದು. ದಯವಿಟ್ಟು ಅದನ್ನು ಮಾಡಬೇಡಿ. ಆರ್‌ಸಿಸಿಬಿ ಎಂಬ, ವಿದ್ಯುತ್ತು ಸೋರಿದರೆ ತಾನಾಗಿ ಆರುವ ಸ್ವಿಚ್ಚು ಇದ್ದ ಮನೆಯಲ್ಲಿ ಅದು ಬೀಳಬಹುದು. ಇಲ್ಲದ ಮನೆಯಲ್ಲಿ, ಮುಂದೊಂದು ದಿನ ಅರ್ತಿಂಗ್ ತುಂಡಾದರೆ, ಫ್ರಿಜ್ಜಿನ ಬಾಗಿಲು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಈಗ ಕೊಳ್ಳುವ ಮಾತು. ಗೋಡೆಯ ಡಬ್ಬಿ ಎಷ್ಟು ಮಾಡ್ಯೂಲಿನದು (ಅಂದರೆ ಎಷ್ಟು ಸ್ವಿಚ್ಚಿನ ಅಗಲದ್ದು), ಎಷ್ಟು ಆಳವಿದೆ ಎಂದು ಪ್ಲೇಟ್ ತೆಗೆದು ಸ್ಕೇಲಿನಿಂದ ಅಳೆದುಕೊಂಡು ಹೋಗಿ. ಡಿಮ್ಮರ್ ಸಾಮಾನ್ಯ ಸ್ವಿಚ್ಚಿಗಿಂತ ದಪ್ಪ, ಹಿಂದೆ ತಂತಿಗಳು ಮಡಚಿಕೊಳ್ಳಲೂ ಜಾಗ ಬೇಕು. ಡಿಮ್ಮರಿನ ಸಾಮರ್ಥ್ಯವನ್ನು ಹಳೆಯ ಬಲ್ಬಿಗೆ ಇಷ್ಟು, ಎಲ್‌ಇಡಿಗೆ ಇಷ್ಟು ಎಂದು ಬೇರೆ ಬೇರೆಯಾಗಿ ಬರೆದಿರುತ್ತಾರೆ. ಎಲ್‌ಇಡಿಯ ಅಂಕಿ ಬಹಳ ಕಡಿಮೆ ಇರುತ್ತದೆ, ನಿಮ್ಮ ಲೆಕ್ಕಕ್ಕೆ ಬರುವುದು ಅದೊಂದೇ. ಎರಡು ಕಡೆಯಿಂದ ಹಾಕಿ ಆರಿಸುವ ಟೂ-ವೇ ದೀಪವಾದರೆ, ಅದಕ್ಕೆ ಒಪ್ಪುವ ಮಾದರಿಯೇ ಎಂದು ಕೇಳಿಯೇ ಕೊಳ್ಳಿ. ಅಮೆರಿಕದಲ್ಲಿರುವ ಮಕ್ಕಳು, ತಮ್ಮಂದಿರು ಊರಿಗೆ ಬರುವಾಗ ಅಲ್ಲಿಯ ಡಿಮ್ಮರನ್ನು ಪ್ರೀತಿಯಿಂದ ತಂದುಕೊಡುವುದುಂಟು. ಅದು 120 ವೋಲ್ಟಿನದು, ನಮ್ಮ 230 ವೋಲ್ಟಿಗೆ ಹಚ್ಚಿದರೆ ಸುಟ್ಟುಹೋಗುತ್ತದೆ. ವೈಫೈ ಮಾದರಿಯ ಡಿಮ್ಮರುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮೇಲಷ್ಟೇ ನಡೆಯುತ್ತವೆ. ನಮ್ಮ ಗೋಡೆಯ ಡಬ್ಬಿಗಳು ಲೋಹದವಾದ್ದರಿಂದ ಸಿಗ್ನಲ್ ಇನ್ನಷ್ಟು ಕುಗ್ಗುತ್ತದೆ; ಆ ಬೋರ್ಡಿನ ಎದುರು ಫೋನ್ ಹಿಡಿದು ರೂಟರಿನ ಸಿಗ್ನಲ್ ಚೆನ್ನಾಗಿ ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಈ ಕೆಲಸವನ್ನು ನಾವೇ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿಯೇ ಇದೆ. 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ವೈರಿಂಗಿಗೆ ಹೊಸದಾಗಿ ಏನನ್ನಾದರೂ ಸೇರಿಸುವುದು, ಬದಲಿಸುವುದು ಪರವಾನಗಿ ಪಡೆದವರ ಕೆಲಸ. ಸಾಮರ್ಥ್ಯವೂ ಸ್ವರೂಪವೂ ಬದಲಾಗದಂತೆ ಬಲ್ಬು, ಫ್ಯೂಸು, ಸ್ವಿಚ್ಚು ಮುಂತಾದವನ್ನು ತೆಗೆದು ಇನ್ನೊಂದನ್ನು ಹಾಕುವುದಕ್ಕೆ ಮಾತ್ರ ವಿನಾಯಿತಿ. ಹೊಸ ನ್ಯೂಟ್ರಲ್ ಎಳೆಯುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ, ಅದಕ್ಕೆ ವೈರ್‌ಮನ್ ಬೇಕೇ ಬೇಕು. ಗೋಡೆ ಮಳೆಗಾಲದ ಸೋರಿಕೆಯಿಂದ ತೇವವಾಗಿದ್ದರೆ, ತಂತಿ ಅಲ್ಯುಮಿನಿಯಮಿನದಾಗಿದ್ದರೆ, ಅಥವಾ ಇನ್ಸುಲೇಷನ್ ಮುಟ್ಟಿದರೆ ಪುಡಿಯಾಗುತ್ತಿದ್ದರೆ ಸ್ವಿಚ್ಚಿಗೂ ಕೈ ಹಾಕಬೇಡಿ, ಬೋರ್ಡನ್ನು ಮುಚ್ಚಿ ಅವರನ್ನು ಕರೆಸಿ.

ಕೆಲಸಕ್ಕೆ ತೊಡಗುವಾಗ ಹಗಲು ಹೊತ್ತನ್ನು ಆರಿಸಿಕೊಂಡು ಮೇನ್ ಸ್ವಿಚ್ಚನ್ನೇ ಆರಿಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಇಲ್ಲಿ ಒಂದು ದೊಡ್ಡ ಅಪಾಯವಿದೆ: ಮೇನ್ ಆರಿಸಿದ ಕೂಡಲೇ ಕರೆಂಟ್ ಹೋಯಿತೆಂದು ತಿಳಿದು ಇನ್ವರ್ಟರ್ ತಾನೇ ಎಚ್ಚೆತ್ತು ದೀಪದ ತಂತಿಗಳಿಗೆ ಅದೇ 230 ವೋಲ್ಟನ್ನು ಹರಿಸುತ್ತದೆ. ಆದ್ದರಿಂದ ಇನ್ವರ್ಟರನ್ನು ಮೊದಲು ಆರಿಸಿ, ಅದರ ಔಟ್‌ಪುಟ್ ಬಿಡಿಸಿ, ಆಮೇಲೆ ಮೇನ್ ಆರಿಸಬೇಕು. ಮೇನ್ ಆರಿಸುವ ಮೊದಲು ಟೆಸ್ಟರನ್ನು ವಿದ್ಯುತ್ತಿರುವ ಪ್ಲಗ್ಗಿನಲ್ಲಿ ಇಟ್ಟು ನೋಡಿ, ಆರಿಸಿದ ಮೇಲೆ ಬೋರ್ಡಿನ ಪ್ರತಿಯೊಂದು ತಂತಿಗೂ ಇಟ್ಟು ನೋಡಿ. ಟೆಸ್ಟರೇ ಕೆಟ್ಟಿದ್ದರೆ ಅದು ಎಲ್ಲ ತಂತಿಯನ್ನೂ ಸತ್ತ ತಂತಿಯೆಂದೇ ಹೇಳುತ್ತದೆ. ಮೇನ್ ಬಳಿ ಒಂದು ಚೀಟಿ ಅಂಟಿಸಿ, ಇಲ್ಲವೇ ಒಬ್ಬರನ್ನು ನಿಲ್ಲಿಸಿ.

ಪ್ಲೇಟ್ ಬಿಚ್ಚಿ, ಸ್ವಿಚ್ಚನ್ನು ಹೊರಗೆಳೆದು, ಏನನ್ನೂ ಬಿಡಿಸುವ ಮೊದಲು ಫೋಟೊ ತೆಗೆಯಿರಿ. ಸ್ವಿಚ್ಚಿನಿಂದ ಸ್ವಿಚ್ಚಿಗೆ ಹಾದುಹೋಗುವ ತಂತಿ ಫೇಸಿನ ಲೂಪ್. ಒಂಟಿಯಾಗಿ ಗೋಡೆಯೊಳಕ್ಕೆ ಹೋಗುವುದು ದೀಪದ ತಂತಿ. ಇವೆರಡರ ಮೇಲೂ ಬಣ್ಣದ ಟೇಪ್ ಸುತ್ತಿ ಗುರುತಿಡಿ. ಲೂಪನ್ನು ತುಂಡು ಮಾಡಿಬಿಟ್ಟರೆ ಪಕ್ಕದ ಸ್ವಿಚ್ಚುಗಳೆಲ್ಲ ಸಾಯುತ್ತವೆ, ಅದು ಮುಂದುವರಿಯುವಂತೆ ನೋಡಿಕೊಳ್ಳಬೇಕು. ಡಿಮ್ಮರಿನ ಹಿಂಬದಿಯಲ್ಲಿ ಫೇಸಿಗೆ ಎಲ್, ನ್ಯೂಟ್ರಲ್‌ಗೆ ಎನ್, ದೀಪಕ್ಕೆ ಹೋಗುವ ತಂತಿಗೆ ಇನ್ನೊಂದು ಗುರುತು ಅಚ್ಚಾಗಿರುತ್ತದೆ. ಕಂಪನಿಯಿಂದ ಕಂಪನಿಗೆ ಈ ಕೊನೆಯ ಗುರುತು ಬೇರೆಯಾಗುವುದರಿಂದ ಜೊತೆಗೆ ಬಂದ ಹಾಳೆಯನ್ನು ಓದಿಯೇ ಜೋಡಿಸಿ. ಫೇಸನ್ನೂ ದೀಪದ ತಂತಿಯನ್ನೂ ಅದಲುಬದಲು ಮಾಡಿದರೆ ಡಿಮ್ಮರ್ ಹಾಳಾಗಬಹುದು. ತಂತಿಯ ತುದಿಯನ್ನು ಹಾಳೆಯಲ್ಲಿ ಹೇಳಿದಷ್ಟೇ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು, ಒಂದೂ ಎಳೆ ಹೊರಗೆ ಉಳಿಯದಂತೆ ತೂರಿಸಿ, ಸ್ಕ್ರೂ ಬಿಗಿಮಾಡಿ, ಆಮೇಲೆ ಒಂದೊಂದು ತಂತಿಯನ್ನೂ ಬೆರಳಲ್ಲಿ ಹಿಡಿದು ಜಗ್ಗಿ ನೋಡಿ. ಕಡಲ ಗಾಳಿಯ ಊರುಗಳಲ್ಲಿ, ಮುಖ್ಯವಾಗಿ ಗೋವಾದಲ್ಲಿ, ಹಳೆಯ ತಂತಿಯ ತುದಿ ಕಪ್ಪಾಗಿಯೋ ಹಸಿರಾಗಿಯೋ ಕಿಲುಬು ಹಿಡಿದಿರುತ್ತದೆ. ಅಷ್ಟನ್ನು ಕತ್ತರಿಸಿ ಹೊಳೆಯುವ ತಾಮ್ರ ಕಾಣುವಂತೆ ಹೊಸ ತುದಿ ಮಾಡಿಕೊಳ್ಳಬೇಕು. ಸಡಿಲ ಸ್ಕ್ರೂವಿನ ಬಳಿ ಕಾವು ಹುಟ್ಟುತ್ತದೆ, ಆ ಕಾವಿನಿಂದಲೇ ಬೋರ್ಡ್ ಸುಡುವುದು. ತಂತಿಗಳನ್ನು ನಿಧಾನವಾಗಿ ಮಡಚಿ ಒಳಗೆ ಕೂರಿಸಿ, ಪ್ಲೇಟ್ ಹಾಕಿದ ಮೇಲೆಯೇ ಮೇನ್ ಹಾಕಿ.

ಇನ್ನು ಫೋನಿನ ಕೆಲಸ ಸುಲಭ: ಆ್ಯಪ್ ಹೇಳಿದಂತೆ ಡಿಮ್ಮರಿನ ಗುಂಡಿಯನ್ನು ಒತ್ತಿಹಿಡಿದು, ಫೋನನ್ನು 2.4 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ, ಜೋಡಿಸುವುದಷ್ಟೇ. ಆದರೆ ಎರಡು ಹೊಂದಿಕೆಗಳನ್ನು ಬಿಡಬಾರದು. ಮೊದಲನೆಯದು ಕನಿಷ್ಠ ಬೆಳಕಿನ ಮಿತಿ. ಬೆಳಕನ್ನು ನಿಧಾನವಾಗಿ ಇಳಿಸುತ್ತ ಬಂದು, ಬಲ್ಬು ಮಿಣುಕಲು ತೊಡಗುವ ಜಾಗದಿಂದ ಒಂದೆರಡು ಅಂಕಿ ಮೇಲೆ ಮಿತಿಯನ್ನು ನಿಲ್ಲಿಸಿ. ಅಳತೆಯಲ್ಲಿ ಹತ್ತರಲ್ಲೊಂದು ಪಾಲಿಗೆ ಇಳಿದ ಬೆಳಕು ನಮ್ಮ ಕಣ್ಣಿಗೆ ಸುಮಾರು ಮೂರರಲ್ಲೊಂದು ಪಾಲಿನಷ್ಟು ಕಾಣುವುದರಿಂದ, ರಾತ್ರಿಯ ಹೊತ್ತಿಗೆ ತೀರ ಕಡಿಮೆ ಅಂಕಿಯೇ ಸಾಕಾಗುತ್ತದೆ. ಎರಡನೆಯದು, ಕರೆಂಟ್ ಹೋಗಿ ಬಂದಾಗ ದೀಪ ಏನು ಮಾಡಬೇಕೆಂಬುದು. ಇದನ್ನು ಹಾಗೆಯೇ ಬಿಟ್ಟರೆ ನಡುರಾತ್ರಿ ಕರೆಂಟ್ ಬಂದೊಡನೆ ದೀಪ ಪೂರ್ತಿ ಬೆಳಗಿ ಮನೆಯವರನ್ನೆಲ್ಲ ಎಬ್ಬಿಸಬಹುದು. ಆರಿಯೇ ಇರಲಿ ಅಥವಾ ಹಿಂದೆ ಇದ್ದಂತೆಯೇ ಇರಲಿ ಎಂದು ಆರಿಸಿಕೊಳ್ಳಿ. ಇನ್ವರ್ಟರ್ ಮೇಲೆ ನಡೆಯುವ ದೀಪವಾದರೆ ಒಮ್ಮೆ ಅದರ ಮೇಲೆಯೂ ಹಾಕಿ ನೋಡಬೇಕು. ಶುದ್ಧ ಸೈನ್ ವೇವ್ ಇನ್ವರ್ಟರಿನ ಮೇಲೆ ತೊಂದರೆಯಿಲ್ಲ, ಚೌಕ ಅಲೆಯ ಹಳೆಯ ಇನ್ವರ್ಟರಿನ ಮೇಲೆ ಡಿಮ್ಮರ್ ಗುಂಯ್‌ಗುಡುತ್ತದೆ, ಬೆಳಕು ಕುಣಿಯುತ್ತದೆ.

ನಮ್ಮ ಪಡಸಾಲೆಯಲ್ಲಿ ರಾತ್ರಿ ಹತ್ತೂವರೆಯಿಂದ ಬೆಳಗಿನ ಐದೂವರೆಯವರೆಗೆ ಡಿಮ್ಮರ್ ನೂರರಲ್ಲಿ ಎಂಟರ ಅಂಕಿಗೆ ನಿಂತಿರುತ್ತದೆ. ಅಮ್ಮ ಫೋನ್ ಮುಟ್ಟುವುದಿಲ್ಲ, ಗೋಡೆಯ ಗುಂಡಿಯನ್ನು ಒಮ್ಮೆ ಒತ್ತುತ್ತಾರೆ, ಹೊಸ್ತಿಲು ಕಾಣುವಷ್ಟು ಬೆಳಕು ಬರುತ್ತದೆ. ಇಂಟರ್ನೆಟ್ ಇಲ್ಲದಾಗಲೂ ಆ ಗುಂಡಿ ನಡೆಯುತ್ತದೆಯೇ ಎಂದು ರೂಟರ್ ಆರಿಸಿ ಪರೀಕ್ಷಿಸಿದ ಮೇಲೆಯೇ ನಾನು ಬೋರ್ಡಿನ ಕೊನೆಯ ಎರಡು ಸ್ಕ್ರೂ ಬಿಗಿಮಾಡಿದೆ. ಮೊದಲ ದಿನ ದೀಪವನ್ನು ಒಂದು ಗಂಟೆ ಪೂರ್ತಿ ಬೆಳಗಿಸಿ ಪ್ಲೇಟಿನ ಮೇಲೆ ಅಂಗೈ ಇಟ್ಟು ನೋಡಿ: ತುಸು ಬೆಚ್ಚಗಿರುವುದು ಸಹಜ, ಕೈ ಹಿಂದೆಗೆಯುವಷ್ಟು ಬಿಸಿಯಿದ್ದರೆ ಮೇನ್ ಆರಿಸಿ ಸ್ಕ್ರೂಗಳನ್ನೂ ವ್ಯಾಟಿನ ಲೆಕ್ಕವನ್ನೂ ಮತ್ತೆ ನೋಡಬೇಕು. ತೆಗೆದ ಹಳೆಯ ಸ್ವಿಚ್ಚನ್ನು ಎಸೆಯದೆ, ಬೋರ್ಡಿನ ಫೋಟೊದ ಒಂದು ಪ್ರತಿಯೊಡನೆ ಚಿಕ್ಕ ಚೀಲದಲ್ಲಿ ಹಾಕಿ ಮೀಟರಿನ ಕಪಾಟಿನಲ್ಲಿ ಇಟ್ಟಿರಿ. ಡಿಮ್ಮರ್ ಕೆಟ್ಟ ದಿನ ಬರುವ ವೈರ್‌ಮನ್‌ಗೆ ಆ ಎರಡೇ ಸಾಕು.